ಅಮ್ಮನ ಚಪ್ಪಲಿ ತಿರುಗಿಸಿ ನೋಡಿ

1/5
ಮೊದಲು ಒಂದು ಕೆಲಸ ಮಾಡಿ. ಬಾಗಿಲ ಹತ್ರ ಇರೋ ಅಮ್ಮನ ಚಪ್ಪಲಿ ಎತ್ತಿ ತಿರುಗಿಸಿ ನೋಡಿ. ಹಿಮ್ಮಡಿ ಜಾಗ ಸವೆದು ಹಪ್ಪಳ ಆಗಿದೆಯಾ? ಈಗ ಪಕ್ಕದಲ್ಲಿರೋ ನಿಮ್ಮ ಶೂ ನೋಡಿ. ನನ್ನದು 3,000 ರೂಪಾಯಿದು. ಅಮ್ಮನದು 150ರ ಹವಾಯಿ. ದಿನಕ್ಕೆ 10 ಗಂಟೆ ನಿಲ್ಲೋದು ಯಾರು? ನಾನಂತೂ ಅಲ್ಲ.

2/5
ಅಮ್ಮ ಸೀರೆ ಅಂಗಡಿಯಲ್ಲಿ ಕೆಲಸ ಮಾಡ್ತಾರೆ. ಒಳಗೆ ಚಪ್ಪಲಿ ಹಾಕೋ ಹಾಗಿಲ್ಲ, ಗಿರಾಕಿ ಇಲ್ಲದಾಗಲೂ ಕೂರೋ ಹಾಗಿಲ್ಲ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಗೋಡೆ ಹಿಡ್ಕೊಳ್ತಿದ್ರು. ಎರಡು ವರ್ಷ ನಾವು ಹೇಳಿದ್ದು ಒಂದೇ ಮಾತು: "ವಯಸ್ಸಾಯ್ತಲ್ಲಮ್ಮ." ಅವರಿಗೆ 43!

3/5
ಇದು ವಯಸ್ಸಲ್ಲ, ವಾಯುನೂ ಅಲ್ಲ. ಡಾಕ್ಟರ್ ಹೇಳಿದ ಹೆಸರು ಪ್ಲಾಂಟರ್ ಫೇಶಿಯೈಟಿಸ್. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದ ತನಕ ಅಂಗಾಲಲ್ಲಿ ಒಂದು ದಪ್ಪ ಪಟ್ಟಿ ಇದೆ. ಪಾದದ ಕಮಾನಿಗೆ ಅದೇ ಆಸರೆ. ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಂತ್ರೆ ಅದು ಹಿಮ್ಮಡಿ ಹತ್ರ ಜಗ್ಗಿ ಜಗ್ಗಿ ನೋಯುತ್ತೆ. ರಾತ್ರಿ ಬಿಗಿದುಕೊಂಡಿದ್ದು ಬೆಳಗ್ಗೆ ಒಮ್ಮೆಲೇ ಎಳೆದಾಗ ಮುಳ್ಳು ಚುಚ್ಚಿದ ಹಾಗೆ.

"ಬರಿಗಾಲೇ ಆರೋಗ್ಯ, ಅಜ್ಜಿ ಓಡಾಡಲಿಲ್ವಾ?" ಅನ್ನೋರಿಗೆ: ಅಜ್ಜಿ ಓಡಾಡಿದ್ದು ಗದ್ದೆ ಬದುವಿನ ಮೇಲೆ. 10 ಗಂಟೆ ಗ್ರಾನೈಟ್ ಮೇಲೆ ನಿಂತಿರಲಿಲ್ಲ.

4/5
ಸೇವ್ ಮಾಡ್ಕೊಳ್ಳಿ.
👉 ಹಾಸಿಗೆಯಿಂದ ಇಳಿಯೋ ಮೊದಲೇ, ನೋಯೋ ಕಾಲನ್ನ ಇನ್ನೊಂದು ತೊಡೆ ಮೇಲಿಟ್ಟು, ಕಾಲ್ಬೆರಳುಗಳನ್ನ ಕೈಯಿಂದ ಹಿಂದಕ್ಕೆ, ಮೊಣಕಾಲಿನ ಕಡೆ ಎಳೆದು 10 ಸೆಕೆಂಡ್ ಹಿಡೀರಿ. 10 ಸಲ, ದಿನಕ್ಕೆ 3 ಹೊತ್ತು.
👉 ಗೋಡೆಗೆ ಕೈ ಕೊಟ್ಟು, ನೋಯೋ ಕಾಲು ಹಿಂದಿಟ್ಟು, ಮಂಡಿ ನೇರ ಇಟ್ಟು, ಹಿಮ್ಮಡಿ ನೆಲಕ್ಕೊತ್ತಿ ಮುಂದೆ ಬಾಗಿ. ಮೀನಖಂಡ ಎಳೆದ ಹಾಗಾಗಬೇಕು. 30 ಸೆಕೆಂಡ್, 3 ಸಲ.
👉 ಚಪ್ಪಲಿ: ಅಂಗಾಲಿನ ಗುಳಿಗೆ ಆಸರೆ, ಹಿಮ್ಮಡಿಗೆ ಮೆತ್ತೆ, ಹಿಂದೆ ಪಟ್ಟಿ. ಬಗ್ಗಿಸಿದ್ರೆ ಬೆರಳ ಹತ್ರ ಬಗ್ಗಬೇಕು, ನಡುವೆ ಮಡಚಬಾರದು. ಬಟ್ಟೆ ಹಿಂಡಿದ ಹಾಗೆ ತಿರುಚೋಕೆ ಬಂದ್ರೆ ಬೇಡ. ಅಡುಗೆಮನೆಗೆ ಬೇರೆ ಒಂದು ಜೊತೆ. ಒಳಗೇ ಇರಲಿ, ಮೈಲಿಗೆ ಮಾತೇ ಇಲ್ಲ.
ವಾರದಲ್ಲಿ ಮಾಯ ಆಗಲ್ಲ, ತಿಂಗಳುಗಳು ಬೇಕು. ಜೋಮು, ಊತ, ಬಿದ್ದ ಪೆಟ್ಟು, ಸಕ್ಕರೆ ಕಾಯಿಲೆ ಇದ್ರೆ ಮೊದಲು ಡಾಕ್ಟರ್.

5/5
ಆದ್ರೆ ಚಪ್ಪಲಿನ ಬಾಗಿಲಲ್ಲೇ ಬಿಡಿಸೋ ಅಂಗಡಿಯಲ್ಲಿ ಒಳ್ಳೆ ಚಪ್ಪಲಿ ಇದ್ದು ಏನು ಪ್ರಯೋಜನ? ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿ, ಅಂಗಡಿ ಕೆಲಸದವರಿಗೆ ಕೂರೋಕೆ ಆಸನ ಕೊಡಬೇಕು ಅಂದವು. ಒಂದು ಸ್ಟೂಲ್‌ಗೂ ಕಾನೂನು ಬೇಕಾಯ್ತು ನೋಡಿ! ಯಾಕಂದ್ರೆ ಕೂತವರನ್ನ ಸೋಮಾರಿ ಅನ್ನೋರು ಮಾಲೀಕರು ಮಾತ್ರ ಅಲ್ಲ. ಗಿರಾಕಿಗಳು, ಅಂದ್ರೆ ನಾವೂ.

ಮುಂದಿನ ಸಲ 40 ಸೀರೆ ಹರಡಿಸಿ ಒಂದು ಕೊಳ್ಳುವಾಗ, "ಇವರಿಗೊಂದು ಸ್ಟೂಲ್ ಕೊಡಿ ಸಾರ್" ಅಂತ ಕ್ಯಾಶ್ ಕೌಂಟರ್‌ಗೆ ಕೇಳಿಸೋ ಹಾಗೆ ಹೇಳಿ. ಅಮ್ಮ ಕೇಳಿದ್ರೆ ಬೈತಾರೆ, ಗಿರಾಕಿ ಕೇಳಿದ್ರೆ ಯೋಚನೆ ಮಾಡ್ತಾರೆ.

ನಾನು ಚಪ್ಪಲಿ ತಂದುಕೊಟ್ಟಾಗ ಅಮ್ಮ ಅಂದಿದ್ದು, "ದುಡ್ಡು ಯಾಕೆ ಹಾಳು ಮಾಡ್ದೆ?" ನಾಲ್ಕು ತಿಂಗಳಾಯ್ತು. ಭಾನುವಾರ ರಜೆ, ಸೋಮವಾರ ಬೆಳಗ್ಗೆ ಗೋಡೆ ಹಿಡಿಯಲ್ಲ. ಮಂಗಳವಾರದಿಂದ ಮತ್ತೆ ಹಿಡೀತಾರೆ. ಆ ಸ್ಟೂಲ್ ಇನ್ನೂ ಬಂದಿಲ್ಲ.

ನಿಮ್ಮಮ್ಮನ ಚಪ್ಪಲಿ ಹೇಗಿದೆ? ಕಾಮೆಂಟ್‌ನಲ್ಲಿ ಹೇಳಿ.
#ಹಿಮ್ಮಡಿನೋವು #ಕೂರೋಕೊಂದುಸ್ಟೂಲ್