ನೋಡ್ರಿ, ಆದರೆ ಹೇಳಿ ನೋಡ್ರಿ



ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ 'ಮೊಬೈಲ್ ವರವೋ ಶಾಪವೋ' ಎಂಬ ಲೇಖನ ಬಂದಿತ್ತು. ಚೆನ್ನಾಗಿತ್ತು. ಆದರೆ ಅದನ್ನು ತೀರ್ಮಾನ ಮಾಡುವ ಮೊದಲೇ ಮೊಬೈಲ್ ಮನೆಯೊಳಗೆ ಬಂದು ಕೂತಾಗಿದೆ. 2020ರಲ್ಲಿ ಕೊರೊನಾ ಬಂದು ಸಾಲಿ ಮುಚ್ಚಿದಾಗ ಪಾಠ ಕೇಳಲೆಂದು ಆಡು ಮಾರಿ ಫೋನು ತಂದವರು ನಮ್ಮ ಓಣಿಯಲ್ಲೇ ಇದ್ದಾರೆ. ಈಗ ನಾನು ಕೇಳುವ ಪ್ರಶ್ನೆ ಬೇರೆ. ಆ ಫೋನಿನಲ್ಲಿ ನಾವು ಒಬ್ಬರೇ ಕೂತು ಏನು ಹುಡುಕುತ್ತೇವೆ ಎಂಬುದನ್ನು ಮನೆಯವರು ನಮಗೆ ತಿಳಿಸದೆ ನೋಡಬಹುದೇ?

ನನ್ನದೇ ಸಂಗತಿ ಬರೆಯುತ್ತೇನೆ. ಅಪ್ಪ, ಅಣ್ಣ ಬೆಂಗಳೂರಿನಲ್ಲಿ ಗೌಂಡಿ ಕೆಲಸಕ್ಕೆ ಹೋಗಿದ್ದಾರೆ. ಮನೆಯಲ್ಲಿ ಅವ್ವ, ನಾನು, ತಮ್ಮ, ಒಂದು ಫೋನು. ಆ ಫೋನನ್ನು ಚಾಲೂ ಮಾಡಿಕೊಟ್ಟವನು ಅಣ್ಣ, ಅದರಲ್ಲಿ ಇರುವುದು ಅವನದೇ ಜಿಮೇಲ್. ಒಂದು ತಿಂಗಳು ನನಗೆ ಮುಟ್ಟು ಎಂಟು ದಿನವಾದರೂ ನಿಲ್ಲಲಿಲ್ಲ. ಹೊಟ್ಟೆನೋವು, ತಲೆ ತಿರುಗುವುದು. ಅವ್ವನಿಗೆ ಹೇಳಲು ನಾಚಿಕೆ, ಟೀಚರಿಗೆ ಹೇಳಲು ಹೆದರಿಕೆ. ಮಾಳಿಗಿ ಮೇಲೆ ಹೋಗಿ ಯೂಟ್ಯೂಬಿನಲ್ಲಿ ಹುಡುಕಿದೆ, ಡಾಕ್ಟರ್ ಒಬ್ಬರು ಹೇಳುವ ಎರಡು ವಿಡಿಯೋ ನೋಡಿದೆ. ಜಿಮೇಲ್ ಒಂದೇ ಆಗಿದ್ದರಿಂದ ಅದೆಲ್ಲ ಸುಮಾರು 500 ಕಿ.ಮೀ. ದೂರದಲ್ಲಿದ್ದ ಅಣ್ಣನ ಫೋನಿನಲ್ಲಿಯೂ ಕಂಡಿತು. ಅವನು ಮೊದಲಿನಿಂದಲೂ ದಿನಾ ನೋಡುತ್ತಿದ್ದನಂತೆ. ನನಗೆ ಅದು ಆ ರಾತ್ರಿಯೇ ಗೊತ್ತಾಯಿತು.

ಅವನು ಅವ್ವನಿಗೆ ಫೋನು ಹಚ್ಚಿ, "ಅಕಿ ಏನೇನರ ನೋಡ್ಲಾಕತ್ಯಾಳ, ಕೈಯಾಗ ಫೋನ್ ಕೊಡಬ್ಯಾಡ. ಹತ್ತನೇತ್ತ ಮುಗೀಲಿ, ಮುಂದ ನೋಡಮು" ಅಂದ. 'ಮುಂದ ನೋಡಮು' ಅಂದರೆ ಏನೆಂದು ಶಹಾಪುರ, ಸುರಪುರ, ಯಾದಗಿರಿ ಕಡೆಯ ಹುಡುಗಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹದಿನೆಂಟು ತುಂಬದೆ ಮದುವೆ ಮಾಡಬಾರದೆಂದು 2006ರ ಕಾಯ್ದೆ ಇದೆ, 2016ರ ನಮ್ಮ ರಾಜ್ಯದ ತಿದ್ದುಪಡಿ ಪ್ರಕಾರ ಅಂಥ ಮದುವೆ ಮದುವೆಯೇ ಅಲ್ಲ. ಆದರೂ ಸಾಲಿ ಬಿಡಿಸುವುದಕ್ಕೆ ಫೋನಿನದೊಂದು ನೆಪ ಸಾಕು.

ಅವ್ವನಿಗೆ ಓದು ಬರಹ ಬರುವುದಿಲ್ಲ. "ಏನ್ ನೋಡಿದಿ ಹೇಳವ್ವಾ" ಎಂದು ಎರಡು ಸಲ ಕೇಳಿದಳು. ನಾನು ಬಾಯಿ ಬಿಡಲಿಲ್ಲ. ಮುಂದಿನ ಎರಡು ತಿಂಗಳು ನೋವು ನುಂಗಿಕೊಂಡೆ, ಯಾರಿಗೂ ಹೇಳಲಿಲ್ಲ, ಹುಡುಕಲೂ ಇಲ್ಲ. ಕೊನೆಗೆ ಪ್ರಾರ್ಥನೆಯಲ್ಲಿ ಕಣ್ಣು ಕತ್ತಲೆ ಬಂದು ಕುಸಿದೆ. ಆಶಾ ಅಕ್ಕ ತಾಲ್ಲೂಕು ಆಸ್ಪತ್ರೆಯ ಸ್ನೇಹಾ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ರಕ್ತ ಬಹಳ ಕಡಿಮೆಯಾಗಿತ್ತು. ಆ ಕ್ಲಿನಿಕ್ಕು ಇರುವುದೇ ನಮ್ಮ ವಯಸ್ಸಿನವರಿಗಾಗಿ, ಅಲ್ಲಿ ಹೇಳಿದ್ದನ್ನು ಗುಟ್ಟಾಗಿ ಇಡುತ್ತಾರೆ. ಇದನ್ನು ಹುಡುಗರೂ ತಿಳಿದಿರಲಿ.

ಹಾಗಾದರೆ ಮನೆಯವರು ನೋಡಲೇಬಾರದೇ? ನಾನು ಹಾಗೆ ಹೇಳುವುದಿಲ್ಲ. ಅವರ ಭಯ ಸುಳ್ಳಲ್ಲ. ಲಾಟರಿ ಬಂದಿದೆ ಎಂಬ ಲಿಂಕು ಒತ್ತಿ ಹತ್ತಿಯ ರೊಕ್ಕ ಕಳೆದುಕೊಂಡವರು ಇದ್ದಾರೆ. ಹುಡುಗಿಯರ ಫೋಟೋ ತೆಗೆದು ಕೆಟ್ಟದಾಗಿ ಜೋಡಿಸಿ ಹೆದರಿಸುವವರು ಇದ್ದಾರೆ. ರೊಕ್ಕ ಹಚ್ಚಿ ಆಡುವ ಆಟಗಳನ್ನು 2025ರಲ್ಲಿ ಕೇಂದ್ರ ಸರ್ಕಾರ ಕಾಯ್ದೆ ಮಾಡಿ ನಿಷೇಧಿಸಬೇಕಾಯಿತು. 'ಅಸರ್' ಸಮೀಕ್ಷೆಯವರು 2024ರಲ್ಲಿ ದೇಶದ ಹಳ್ಳಿಗಳ ಫೋನು ಬಳಸಲು ಬರುವ 14ರಿಂದ 16 ವಯಸ್ಸಿನ ಮಕ್ಕಳನ್ನು ಕೇಳಿದಾಗ, ಹಿಂದಿನ ವಾರ ಓದಿಗಾಗಿ ಫೋನು ಹಿಡಿದವರು ನೂರಕ್ಕೆ 57, ವಾಟ್ಸಾಪು ರೀಲ್ಸು ಇಂಥವಕ್ಕೆ ಹಿಡಿದವರು ನೂರಕ್ಕೆ 76. ನಾವು ಓದುತ್ತಲೇ ಇರುತ್ತೇವೆ ಎಂದು ಯಾವ ಬಾಯಿಂದ ಹೇಳಲಿ!

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಲೆಕ್ಕ ಇದೆ. ಫೋನು ಬಳಸಲು ಬರುವವರಲ್ಲಿ ಸ್ವಂತ ಫೋನು ಇದ್ದವರು ಹುಡುಗರು ನೂರಕ್ಕೆ 36, ಹುಡುಗಿಯರು ನೂರಕ್ಕೆ 27. ಕೊಡುವಾಗಲೂ ಭೇದ, ಕಾಯುವಾಗಲೂ ಭೇದ. ನನ್ನ ತಮ್ಮ ಅದೇ ಫೋನಿನಲ್ಲಿ ರಾತ್ರಿ ಹನ್ನೊಂದರ ತನಕ ಗುಂಡು ಹಾರಿಸುವ ಆಟ ಆಡುತ್ತಾನೆ. ಅದೂ ಅಣ್ಣನ ಕಣ್ಣಿಗೆ ಬಿದ್ದೇ ಇರುತ್ತದೆ. ಅವನಿಗೆ ಯಾರೂ 'ಮುಂದ ನೋಡಮು' ಅಂದಿಲ್ಲ.

ಗುಟ್ಟಾಗಿ ಕಾದರೆ ನಾವೂ ಗುಟ್ಟು ಕಲಿಯುತ್ತೇವೆ. ಕ್ರೋಮಿನಲ್ಲಿ ಕನ್ನಡಕ, ಟೊಪ್ಪಿಗೆ ಚಿತ್ರದ ಕಿಟಕಿ ತೆರೆದರೆ ಹಿಸ್ಟರಿ ಉಳಿಯುವುದಿಲ್ಲ ಎಂಬುದು ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತು (ಸರ್, ಕ್ಷಮಿಸಿ). ಆದರೆ ಅದು ಅಳಿಸುವುದು ಫೋನಿನೊಳಗಿನ ದಾಖಲೆ ಮಾತ್ರ. ಸಿಮ್ ಕಂಪನಿಗೆ, ನಾವು ತೆರೆದ ತಾಣಕ್ಕೆ ತಿಳಿಯುತ್ತದೆ. ಗೂಗಲ್ ಕಂಪನಿ ಇದೇ ವಿಷಯಕ್ಕೆ ಅಮೆರಿಕದ ಕೋರ್ಟು ಹತ್ತಿ, ಕೂಡಿಟ್ಟ ದಾಖಲೆಗಳನ್ನು ಅಳಿಸುತ್ತೇವೆ ಎಂದು 2024ರಲ್ಲಿ ಒಪ್ಪಬೇಕಾಯಿತು. ಅಂದರೆ ಅವ್ವನಿಂದ ಮುಚ್ಚಿಟ್ಟದ್ದು ಅಪರಿಚಿತರಿಗೆ ತೆರೆದೇ ಇರುತ್ತದೆ. ನಾಳೆ ಯಾರಾದರೂ ಫೋಟೋ ಹಿಡಿದು ಹೆದರಿಸಿದರೆ, ಮನೆಯಲ್ಲಿ ಹೊಡೆತ ತಿಂದ ಹುಡುಗಿ ಯಾರ ಹತ್ತಿರ ಹೋಗಬೇಕು? 1098 ಮಕ್ಕಳ ಸಹಾಯವಾಣಿ ಇದೆ, ಮೋಸಕ್ಕೆ 1930 ಇದೆ. ಆದರೆ ಆ ನಂಬರು ಹಚ್ಚಲು ಬೇಕಾದ ಫೋನನ್ನೇ ಕಸಿದುಕೊಂಡಿರುತ್ತಾರೆ.

ಖಾಸಗಿತನ ಅನ್ನುವುದು ಪಟ್ಟಣದವರ ಮಾತು ಎಂದು ನಮ್ಮ ಕಾಕಾ ನಗುತ್ತಾರೆ. ಅದಕ್ಕಾಗಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 24 ಆಗಸ್ಟ್ 2017ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ಮೂಲಭೂತ ಹಕ್ಕು ಎಂದರು. ಭಾರತ 1992ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ಕಲಮಿನಲ್ಲಿ ಮಕ್ಕಳಿಗೂ ಅದು ಇದೆ. ಕಾನೂನು ಹಿಡಿದು ಅವ್ವನ ಜೊತೆ ಜಗಳವಾಡಲು ಇದನ್ನು ಬರೆಯುತ್ತಿಲ್ಲ. ನಾನು ಕೇಳುವುದು ಸಣ್ಣದು. ಯಾವ ಆಪ್ ಬೇಡ, ರಾತ್ರಿ ಎಷ್ಟು ಗಂಟೆಗೆ ಫೋನು ಅವ್ವನ ದಿಂಬಿನ ಹತ್ತಿರ ಇಡಬೇಕು ಎಂಬುದನ್ನು ಮೊದಲೇ ಹೇಳಿಬಿಡಲಿ. ಹಿಸ್ಟರಿ ನೋಡುವುದಿದ್ದರೆ ನಮ್ಮ ಎದುರಿಗೆ ನೋಡಲಿ. ತಂಗಿಗೂ ತಮ್ಮನಿಗೂ ಒಂದೇ ಕಟ್ಟಳೆ ಇರಲಿ. ಏನಾದರೂ ಕಂಡರೆ ಬಯ್ಯುವ ಮೊದಲು "ಯಾಕ ನೋಡಿದಿ?" ಎಂದು ಕೇಳಲಿ. ಅಣ್ಣ ಅಷ್ಟೊಂದು ಕೇಳಿದ್ದರೆ ನನ್ನ ರಕ್ತ ಅಷ್ಟು ಇಳಿಯುತ್ತಿರಲಿಲ್ಲ.

ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಈ ಮಾತು ಎತ್ತಬೇಕೆಂದಿದ್ದೇನೆ. ಜೊತೆಗೆ ನಿಲ್ಲುವವರು ಒಂದು ಚೀಟಿ ಬರೆದು ಸಲಹಾ ಪೆಟ್ಟಿಗೆಯಲ್ಲಿ ಹಾಕಿರಿ, ಹೆಸರು ಬೇಡ. ನಾನೂ ಹೆಸರು ಹಾಕಿಲ್ಲ. ಅಕ್ಷರ ನೋಡಿ ಗುರುತು ಹಿಡಿಯಲು ಹೋಗಬೇಡಿ, ಇದನ್ನು ಗೋಡೆಗೆ ಬರೆದುಕೊಟ್ಟವಳು ಬೇರೆಯವಳು.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ