ಅಣೆಕಟ್ಟಿನ ಲೆಕ್ಕದಲ್ಲಿ ಬಸವನಹುಳುವೂ ಇರಲಿ

ಅಣೆಕಟ್ಟಿನಿಂದ ಏನೆಲ್ಲ ಲಾಭ ಎಂದು ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಕೇಳಿದರೆ ನಾವು ಥಟ್ಟನೆ ಬರೆಯುತ್ತೇವೆ: ನೀರಾವರಿ, ವಿದ್ಯುತ್, ಕುಡಿಯುವ ನೀರು. ನಷ್ಟ ಏನೆಂದರೆ ಮುಳುಗಡೆ, ಕಾಡಿನ ನಾಶ ಎನ್ನುತ್ತೇವೆ. ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿಯಾದ ನನ್ನ ಪ್ರಕಾರ ಆ ನಷ್ಟದ ಪಟ್ಟಿಗೆ ಉಗುರಿನಷ್ಟು ಗಾತ್ರದ ಒಂದು ಬಸವನಹುಳುವೂ ಸೇರಬೇಕು. ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿಯ ಅನುಭವ ಅದಕ್ಕೆ ಸಾಕ್ಷಿ.

ಮೊದಲು ಕಾಯಿಲೆಯ ವಿಷಯ. ಶಿಸ್ಟೊಸೋಮಿಯಾಸಿಸ್‌ಗೆ ಕಾರಣ ಒಂದು ಪರಾವಲಂಬಿ ಹುಳು. ರೋಗಿಯ ಮಲ ಅಥವಾ ಮೂತ್ರದ ಜೊತೆ ಅದರ ಮೊಟ್ಟೆ ನೀರು ಸೇರುತ್ತದೆ. ಮೊಟ್ಟೆಯೊಡೆದು ಬಂದ ಮರಿ ಸಿಹಿನೀರಿನ ಬಸವನಹುಳುವಿನ ಮೈಯೊಳಗೆ ಹೊಕ್ಕು, ಒಂದು ಸಾವಿರಾರಾಗಿ ಮತ್ತೆ ನೀರಿಗೆ ಬರುತ್ತದೆ. ಆ ನೀರನ್ನು ಕುಡಿಯಲೇಬೇಕೆಂದಿಲ್ಲ. ಬಟ್ಟೆ ಒಗೆಯಲು ಇಳಿದರೂ ಸಾಕು, ಹುಳು ಚರ್ಮದ ಮೂಲಕವೇ ಒಳಸೇರುತ್ತದೆ. ಮಕ್ಕಳು ರಕ್ತಹೀನತೆಯಿಂದ ಬಳಲುತ್ತಾರೆ, ಬೆಳವಣಿಗೆ ಕುಂಠಿತವಾಗುತ್ತದೆ, ಕಲಿಕೆಯಲ್ಲೂ ಹಿಂದೆ ಬೀಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ 25 ಕೋಟಿಗೂ ಹೆಚ್ಚು ಜನರಿಗೆ ಇದರ ವಿರುದ್ಧ ಮುನ್ನೆಚ್ಚರಿಕೆಯ ಚಿಕಿತ್ಸೆ ಬೇಕಿತ್ತು. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಆಫ್ರಿಕಾದವರು.

ಸೆನೆಗಲ್ ನದಿ ಸಮುದ್ರ ಸೇರುವಲ್ಲಿ, ಉಪ್ಪುನೀರು ಒಳನುಗ್ಗದಂತೆ ತಡೆಯಲು ಡಯಾಮಾ ಅಣೆಕಟ್ಟು ಕಟ್ಟಿದರು. 1986ರಲ್ಲಿ ಕೆಲಸ ಮುಗಿಯಿತು. ಭತ್ತ, ಕಬ್ಬಿಗೆ ವರ್ಷವಿಡೀ ಸಿಹಿನೀರು ಸಿಕ್ಕಿತು. ಅದೇ ನೀರಿನಲ್ಲಿ ಜಲಸಸ್ಯಗಳು ದಟ್ಟವಾಗಿ ಬೆಳೆದವು, ಅವುಗಳ ನಡುವೆ ಬಸವನಹುಳುಗಳೂ ಹೆಚ್ಚಿದವು. ಅವುಗಳನ್ನು ತಿನ್ನುವ ನದಿಯ ಸಿಗಡಿಗಳು ಸಂತಾನಾಭಿವೃದ್ಧಿಗೆ ಅಳಿವೆಗೆ ಹೋಗಿಬರಬೇಕು. ಅಣೆಕಟ್ಟು ಆ ದಾರಿಯನ್ನೇ ಮುಚ್ಚಿತ್ತು. 1988ರಲ್ಲಿ, ಕಬ್ಬಿನ ಊರಾದ ರಿಷಾರ್ ತೋಲ್‌ನಲ್ಲಿ ಕರುಳಿಗೆ ತಗಲುವ ಬಗೆಯ ಶಿಸ್ಟೊಸೋಮಿಯಾಸಿಸ್ ಪತ್ತೆಯಾಯಿತು. ಕೆಲವೇ ವರ್ಷಗಳಲ್ಲಿ ಊರಿನ ಬಹುಪಾಲು ಜನರಿಗೆ ಹರಡಿತು.

ಇದಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಒಳ್ಳೆಯ ಮಾತ್ರೆ ಇದೆ. ಅದು ದೇಹದೊಳಗಿನ ಹುಳುವನ್ನು ಕೊಲ್ಲುತ್ತದೆ, ನೀರಿನಲ್ಲಿರುವುದನ್ನಲ್ಲ. ಮಾತ್ರೆ ನುಂಗಿದ ಹುಡುಗ ಮರುದಿನ ಅದೇ ಕಾಲುವೆಗೆ ಇಳಿದರೆ ಸೋಂಕು ಮತ್ತೆ ತಗಲಬಹುದು. ಮಾತ್ರೆ ದಾನವಾಗಿ ಬಂದರೂ ಹಳ್ಳಿಗೆ ಒಯ್ಯಲು ವಾಹನ, ಸಿಬ್ಬಂದಿ ಬೇಕು. ಹಲವು ದೇಶಗಳಲ್ಲಿ ಆ ಖರ್ಚಿಗೆ ಆಸರೆಯಾಗಿದ್ದ ಅಮೆರಿಕದ ನೆರವು 2025ರಲ್ಲಿ ನಿಂತುಹೋಯಿತು. ಬೇರೆ ದೇಶದ ಒಂದು ಸರ್ಕಾರ ಮನಸ್ಸು ಬದಲಿಸಿದರೆ ಮುರಿದುಬೀಳುವ ವ್ಯವಸ್ಥೆಯನ್ನು ಪರಿಹಾರ ಎನ್ನಲಾದೀತೇ?

ಸ್ಥಳೀಯವಾಗಿ ಮಾಡಬಹುದಾದದ್ದೂ ಇದೆ. ಸೆನೆಗಲ್‌ನ ಒಂದು ಹಳ್ಳಿಯ ನೀರಿಗೆ ಸಿಗಡಿ ಬಿಟ್ಟಾಗ ಸೋಂಕು ತಗ್ಗಿದ್ದನ್ನು ವಿಜ್ಞಾನಿಗಳು 2015ರಲ್ಲಿ ವರದಿ ಮಾಡಿದರು. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಜಲಸಸ್ಯ ಕಿತ್ತು ತೆಗೆದ ಕಡೆ ಮಕ್ಕಳಿಗೆ ಸೋಂಕು ಮರುಕಳಿಸುವುದು ಕಡಿಮೆಯಾಯಿತು. ಕಿತ್ತದ್ದು ಹೊಲಕ್ಕೆ ಗೊಬ್ಬರವಾಯಿತು, ದನಕುರಿಗಳಿಗೆ ಮೇವಾಯಿತು. ರೈತನಿಗೇ ಲಾಭವಿರುವ ಇಂಥ ಕೆಲಸ ದಾನಿಗಳಿಗಾಗಿ ಕಾಯಬೇಕಾಗಿಲ್ಲ.

ನಮಗೇಕೆ ಇದು? ಭಾರತದಲ್ಲಿ ಮನುಷ್ಯರಿಗೆ ಈ ಕಾಯಿಲೆ ತೀರಾ ಅಪರೂಪ. ಆದರೆ ನಮ್ಮ ಕೆರೆ, ಗದ್ದೆಗಳಲ್ಲಿರುವ ಇಂಡೋಪ್ಲಾನಾರ್ಬಿಸ್ ಎಂಬ ಬಸವನಹುಳು ದನಗಳಿಗೆ ಇದೇ ಬಳಗದ ಹುಳುವನ್ನು ಹರಡುತ್ತದೆ. ಮೂಗಿನೊಳಗೆ ಗಂಟು ಬೆಳೆದು ದನ ಗೊರಕೆ ಹೊಡೆದಂತೆ ಉಸಿರಾಡುತ್ತದೆ. ನೀರು ಹರಿಯುವ ರೀತಿ ಬದಲಾದರೆ ರೋಗ ಹರಡುವ ರೀತಿಯೂ ಬದಲಾಗುತ್ತದೆ ಎಂಬ ಪಾಠ ನಮಗೂ ಅನ್ವಯಿಸುತ್ತದೆ.

ಇಂದು ಈ ಪುಟ ಓದುವವರಲ್ಲಿ ಕೆಲವರು ನಾಳೆ ನೀರಾವರಿ ಎಂಜಿನಿಯರ್, ಆರೋಗ್ಯಾಧಿಕಾರಿ, ಪಶುವೈದ್ಯರಾಗುತ್ತೀರಿ. ಯೋಜನಾ ವರದಿ ಬರೆಯುವಾಗ ಮೂವರೂ ಒಂದೇ ಮೇಜಿನ ಸುತ್ತ ಕೂರಬೇಕು. ಕಾಲುವೆ ತೋಡಿದ ಮೇಲೆ ಆಸ್ಪತ್ರೆ ಕಟ್ಟುವುದಕ್ಕಿಂತ, ತೋಡುವ ಮುನ್ನವೇ ಅದರಲ್ಲಿ ಏನು ಬೆಳೆದೀತು ಎಂದು ಕೇಳುವುದು ಅಗ್ಗ.