ಬಲಗೈಯವರಿಗೆ ದಾರಿ ಬಿಡಿ
ಈ ವಾರ ಹೆಬ್ಬಾಳದ ಮೇಲ್ಸೇತುವೆ ಬುಡದಲ್ಲಿ ಒಂದು ಬಸ್ಸೂ ಒಂದು ಏರ್‌ಪೋರ್ಟ್ ಟ್ಯಾಕ್ಸಿಯೂ ಮೂತಿಗೆ ಮೂತಿ ಹಚ್ಚಿ ನಿಂತಿದ್ದವು. ಇಬ್ಬರು ಚಾಲಕರಿಗೂ, ಹಾಯಿಹಲಗೆಯ ಮೇಲೆ ನಿಂತು ನೀರಲ್ಲಿ ಸಾಗುವ ವಿಂಡ್‌ಸರ್ಫಿಂಗ್ ರೇಸಿನ ನಿಯಮ ಹೇಳಿಕೊಡೋಣ ಅನ್ನಿಸಿತು: ಎದುರುಬದುರಾದಾಗ ಹಾಯಿಕಂಬದ ಹತ್ತಿರ ಬಲಗೈ ಇದ್ದವನಿಗೇ ದಾರಿ, ಎಡಗೈಯವನು ತೆಪ್ಪಗೆ ಸರಿಯಬೇಕು. ಇಬ್ಬರದೂ ಒಂದೇ ಕೈಯಾಗಿ ಪಕ್ಕಪಕ್ಕ ಸಾಗುತ್ತಿದ್ದರೆ, ಗಾಳಿ ಬೀಸಿ ಬರುವ ಕಡೆ ಇರುವವನೇ ತಗ್ಗಬೇಕು. ಗಾಳಿ ಮೊದಲು ಸಿಗುವ ಅನುಕೂಲಸ್ಥನೇ ಬಿಟ್ಟುಕೊಡಬೇಕೆಂಬ ಈ ಸಮಾಜವಾದ ನಮ್ಮ ಎಸ್‌ಯುವಿಗಳಿಗೆ ಒಗ್ಗೀತೇ? ತಪ್ಪು ಮಾಡಿದವನಿಗೆ ದಂಡ, ನೀರಿನಲ್ಲೇ 360 ಡಿಗ್ರಿಯ ಒಂದು ಸುತ್ತು. ಪೊಲೀಸಪ್ಪನಿಲ್ಲ, ರಸೀದಿಯಿಲ್ಲ, ತಾನೇ ಸುತ್ತಬೇಕು. ನಮ್ಮಲ್ಲೂ ಸುತ್ತು ಇದೆ, ಆದರೆ ದಾರಿ ಬಿಟ್ಟ ಪುಣ್ಯಾತ್ಮನಿಗೆ: ನಾಗವಾರದಿಂದ ಯಲಹಂಕಕ್ಕೆ ಹೊರಟವನು ‘ನೀವು ಹೋಗಿ ಸಾರ್’ ಅಂದ ತಪ್ಪಿಗೆ ತಿರುವು ತಪ್ಪಿ, ಭದ್ರಪ್ಪ ಲೇಔಟ್ ನೋಡಿಕೊಂಡು ಬರುತ್ತಾನೆ.